ದೆಹಲಿ–ಟೋಕಿಯೊ: ನಕ್ಷೆಯ ದೂರ, ಟಿಕೆಟ್ಟಿನ ಗಡಿಯಾರ, ಆಕಾಶದ ಗಾಳಿ

ಪ್ರಶ್ನೆ: ಕೆಲಸದ ನಿಮಿತ್ತ ದೆಹಲಿಯಿಂದ ಟೋಕಿಯೊಗೆ ಹೋಗಿಬರಬೇಕಾಗಿದೆ. ಎರಡು ವಿಮಾನ ನಿಲ್ದಾಣಗಳ ನಡುವಿನ ದೂರ ಒಂದು ಕಡೆ 5,900 ಎಂದೂ ಇನ್ನೊಂದು ಕಡೆ 3,190 ಎಂದೂ ಕಾಣಿಸುತ್ತದೆ. ವಿಮಾನ ಗಂಟೆಗೆ 900 ಕಿ.ಮೀ. ವೇಗದಲ್ಲಿ ಹಾರುವುದಾದರೆ ಆರೂವರೆ ಗಂಟೆ ಸಾಕು. ಆದರೆ ಟಿಕೆಟ್ಟಿನಲ್ಲಿ ದೆಹಲಿಯಿಂದ ರಾತ್ರಿ 9 ಗಂಟೆಗೆ ಹೊರಟು ಮರುದಿನ ಬೆಳಿಗ್ಗೆ 8.30ಕ್ಕೆ ಟೋಕಿಯೊದ ನರಿತಾ ನಿಲ್ದಾಣ ತಲುಪುವುದಾಗಿಯೂ, ವಾಪಸು ಬರುವಾಗ ಬೆಳಿಗ್ಗೆ 11.30ಕ್ಕೆ ಹೊರಟು ಅದೇ ಸಂಜೆ 5.30ಕ್ಕೆ ದೆಹಲಿ ತಲುಪುವುದಾಗಿಯೂ ಇದೆ. ಹೋಗಲು ಹನ್ನೊಂದೂವರೆ ಗಂಟೆ, ಬರಲು ಆರೇ ಗಂಟೆ! ನಿಜವಾದ ಪ್ರಯಾಣದ ಅವಧಿ ಎಷ್ಟು? ನರಿತಾಕ್ಕಿಂತ ಟೋಕಿಯೊದ ಇನ್ನೊಂದು ನಿಲ್ದಾಣವಾದ ಹನೇದಾ ಹತ್ತಿರವೇ? ಹಾಂಕಾಂಗ್ ಮೂಲಕ ಹೋದರೆ ಬಹಳ ಸುತ್ತಾಗುತ್ತದೆಯೇ?

ಉತ್ತರ: ನಿಮ್ಮ ಟಿಕೆಟ್ಟಿನ ವೇಳೆಯೂ ಸರಿ, ನೀವು ನೋಡಿದ ದೂರವೂ ಸರಿ. ಆದರೆ 5,900 ಎಂಬುದು ಭೂಮಿಯ ಮೇಲಿನ ಎರಡು ಬಿಂದುಗಳ ನಡುವಿನ ಅಂತರವೇ ಹೊರತು ವಿಮಾನವು ಹಾರುವ ದಾರಿಯ ಉದ್ದವಲ್ಲ, ಮತ್ತು ಟಿಕೆಟ್ಟಿನಲ್ಲಿರುವುದು ಎರಡು ಬೇರೆ ಬೇರೆ ಗಡಿಯಾರಗಳ ವೇಳೆಯೇ ಹೊರತು ಪ್ರಯಾಣದ ಅವಧಿಯಲ್ಲ. ಅಂದಾಜಿಗೆ ಹೇಳುವುದಾದರೆ ದೆಹಲಿಯಿಂದ ಟೋಕಿಯೊಗೆ ನೇರ ವಿಮಾನದಲ್ಲಿ ಏಳೂವರೆಯಿಂದ ಎಂಟು ಗಂಟೆ ಹಿಡಿಯುತ್ತದೆ, ಅಲ್ಲಿಂದ ಹಿಂದಿರುಗಲು ಒಂಬತ್ತರಿಂದ ಹತ್ತು ಗಂಟೆ ಹಿಡಿಯುತ್ತದೆ. ಅಂದರೆ ಟಿಕೆಟ್ಟು ನೋಡಿದವರಿಗೆ ಯಾವ ಪ್ರಯಾಣ ದೀರ್ಘವೆಂದು ತೋರುತ್ತದೆಯೋ ಅದೇ ವಾಸ್ತವದಲ್ಲಿ ಚಿಕ್ಕದು.

ಮೊದಲು ಗಡಿಯಾರದ ವಿಷಯವನ್ನು ಮುಗಿಸೋಣ, ಏಕೆಂದರೆ ಅದು ಸುಲಭ. ಭಾರತದ ಅಧಿಕೃತ ಸಮಯ 82.5 ಡಿಗ್ರಿ ಪೂರ್ವ ರೇಖಾಂಶವನ್ನು ಅನುಸರಿಸುತ್ತದೆ. ಜಪಾನಿನದು ಅಕಾಶಿ ನಗರದ ಮೂಲಕ ಹಾಯುವ 135 ಡಿಗ್ರಿ ಪೂರ್ವ ರೇಖಾಂಶದ್ದು. ಇವುಗಳ ನಡುವಿನ ಅಂತರ 52.5 ಡಿಗ್ರಿ. ಭೂಮಿ ಗಂಟೆಗೆ 15 ಡಿಗ್ರಿಯಂತೆ ತಿರುಗುವುದರಿಂದ ಜಪಾನಿನ ಗಡಿಯಾರ ನಮ್ಮದಕ್ಕಿಂತ ಸರಿಯಾಗಿ ಮೂರೂವರೆ ಗಂಟೆ ಮುಂದಿರುತ್ತದೆ. ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ಪದ್ಧತಿ ಎರಡೂ ದೇಶಗಳಲ್ಲಿ ಇಲ್ಲವಾದ್ದರಿಂದ ಈ ಅಂತರ ವರ್ಷವಿಡೀ ಬದಲಾಗುವುದಿಲ್ಲ. ವಿಮಾನದ ಟಿಕೆಟ್ಟಿನಲ್ಲಿ ಹೊರಡುವ ವೇಳೆಯನ್ನು ಹೊರಡುವ ಊರಿನ ಗಡಿಯಾರದಲ್ಲಿಯೂ, ತಲುಪುವ ವೇಳೆಯನ್ನು ತಲುಪುವ ಊರಿನ ಗಡಿಯಾರದಲ್ಲಿಯೂ ನಮೂದಿಸುವುದು ಲೋಕಾರೂಢಿ. ಆದ್ದರಿಂದ ನೀವು ದೆಹಲಿಯಲ್ಲಿ ರಾತ್ರಿ 9 ಗಂಟೆಗೆ ಹೊರಟಾಗ ಜಪಾನಿನಲ್ಲಿ ಆಗಲೇ ಮಧ್ಯರಾತ್ರಿ ಕಳೆದು 12.30 ಆಗಿರುತ್ತದೆ. ಅಲ್ಲಿಂದ ಬೆಳಗಿನ 8.30ರವರೆಗೆ ಎಂಟು ಗಂಟೆ. ಹಿಂದಿರುಗುವಾಗ ಟೋಕಿಯೊದ 11.30 ಎಂದರೆ ದೆಹಲಿಯ ಬೆಳಿಗ್ಗೆ 8 ಗಂಟೆ. ಅಲ್ಲಿಂದ ಸಂಜೆ 5.30ರವರೆಗೆ ಒಂಬತ್ತೂವರೆ ಗಂಟೆ.

ಸಮಯವಲಯಗಳ ಪಟ್ಟಿ ಕೈಯಲ್ಲಿಲ್ಲದಿದ್ದರೂ ಇದರ ಒಂದು ಭಾಗವನ್ನು ಟಿಕೆಟ್ಟಿನಿಂದಲೇ ಹೊರತೆಗೆಯಬಹುದು. ಹೋಗುವ ಮತ್ತು ಬರುವ ಪ್ರಯಾಣಗಳ ತೋರಿಕೆಯ ಅವಧಿಗಳನ್ನು, ಅಂದರೆ ಹನ್ನೊಂದೂವರೆ ಮತ್ತು ಆರು ಗಂಟೆಗಳನ್ನು, ಕೂಡಿಸಿದರೆ ಹದಿನೇಳೂವರೆ ಬರುತ್ತದೆ. ಒಂದರಲ್ಲಿ ಸೇರಿಕೊಂಡಿರುವ ಮೂರೂವರೆ ಗಂಟೆ ಇನ್ನೊಂದರಲ್ಲಿ ಕಳೆದುಹೋಗಿರುವುದರಿಂದ ಈ ಮೊತ್ತದಲ್ಲಿ ಗಡಿಯಾರದ ಅಂತರದ ಸುಳಿವೇ ಇರುವುದಿಲ್ಲ, ಮತ್ತು ಅದರ ಅರ್ಧ, ಎಂಟೂಮುಕ್ಕಾಲು ಗಂಟೆ, ಒಂದು ದಿಕ್ಕಿನ ಪ್ರಯಾಣದ ನಿಜವಾದ ಸರಾಸರಿಯಾಗಿರುತ್ತದೆ. ಹೋಗಿ ಬರುವ ಯಾವುದೇ ನೇರ ಪ್ರಯಾಣಕ್ಕೂ ಈ ಲೆಕ್ಕ ಒಪ್ಪುತ್ತದೆ. ನಡುವಿನ ಅವಧಿಯಲ್ಲಿ ಎರಡರಲ್ಲಿ ಯಾವ ದೇಶವೂ ತನ್ನ ಗಡಿಯಾರವನ್ನು ಬದಲಿಸದಿದ್ದರೆ ಸಾಕು.

ಇನ್ನು ದೂರ. 5,900 ಎಂಬುದು ಕಿಲೋಮೀಟರುಗಳಲ್ಲಿ, 3,190 ಎಂಬುದು ನಾಟಿಕಲ್ ಮೈಲಿಗಳಲ್ಲಿ. ಒಂದು ನಾಟಿಕಲ್ ಮೈಲಿ 1,852 ಮೀಟರ್. ವಿಮಾನ ಚಾಲಕರೂ ನಾವಿಕರೂ ಬಳಸುವ ಅಳತೆ ಇದು. ಮೂರನೆಯ ಒಂದು ಅಂಕಿ, 3,670ರ ಆಸುಪಾಸಿನದು, ನಿಮಗೆ ಎದುರಾದರೆ ಅದು ರಸ್ತೆಗಳಿಗೆ ಬಳಸುವ ಸಾಮಾನ್ಯ ಮೈಲಿಗಳಲ್ಲಿ ಇದೆ ಎಂದು ತಿಳಿಯಿರಿ. ಮೂರೂ ಒಂದೇ ದೂರ. ಒಂದು ಕಡೆ 5,910, ಇನ್ನೊಂದು ಕಡೆ 5,920 ಎಂದು ಕಾಣುವ ಸಣ್ಣ ವ್ಯತ್ಯಾಸಗಳಿಗೆ ಕಾರಣ ಭೂಮಿಯ ಆಕಾರ. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪೂರ್ಣ ಗೋಳವೆಂದು ಹಿಡಿದು ಲೆಕ್ಕಹಾಕುವವರಿದ್ದಾರೆ. ಭೂಮಧ್ಯ ರೇಖೆಯ ಬಳಿ 6,378 ಕಿ.ಮೀ., ಧ್ರುವಗಳ ಬಳಿ 6,357 ಕಿ.ಮೀ. ತ್ರಿಜ್ಯವಿರುವ, ತುಸು ಚಪ್ಪಟೆಯಾದ ಗೋಳವೆಂದು ಹಿಡಿದು ಲೆಕ್ಕಹಾಕುವವರೂ ಇದ್ದಾರೆ. ಎರಡರ ನಡುವಿನ ಅಂತರ ನೂರಕ್ಕೆ ಅರ್ಧದಷ್ಟನ್ನೂ ಮೀರುವುದಿಲ್ಲವಾದ್ದರಿಂದ ಪ್ರಯಾಣಿಕರು ಅದರ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ವಿಮಾನ ನೆಲಕ್ಕಿಂತ 11 ಕಿ.ಮೀ. ಎತ್ತರದಲ್ಲಿ ಹಾರುವುದರಿಂದ ದೂರ ಹೆಚ್ಚಾಗುವುದಿಲ್ಲವೇ ಎಂದು ಕೆಲವರು ಕೇಳುವುದುಂಟು. ಹೆಚ್ಚಾಗುತ್ತದೆ, ಆದರೆ ಇಡೀ ದಾರಿಗೆ ಸೇರಿ ಸುಮಾರು 10 ಕಿ.ಮೀ. ಮಾತ್ರ.

ಈ 5,900 ಕಿ.ಮೀ. ಎಂಬುದು ಮಹಾವೃತ್ತದ ದೂರ, ಅಂದರೆ ಗೋಳದ ಮೈಮೇಲೆ ಎರಡು ಬಿಂದುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದಾಗ ಸಿಗುವ ಅತಿ ಚಿಕ್ಕ ಹಾದಿ. ಗೋಡೆಯ ನಕ್ಷೆಯನ್ನು ನೋಡಿದವರಿಗೆ ಟೋಕಿಯೊ ದೆಹಲಿಯ ಪೂರ್ವಕ್ಕೆ, ಸ್ವಲ್ಪವೇ ಉತ್ತರಕ್ಕೆ ಇರುವಂತೆ ಕಾಣುತ್ತದೆ; ದೆಹಲಿ 28.6 ಡಿಗ್ರಿ, ನರಿತಾ 35.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಆದರೆ ಮಹಾವೃತ್ತದ ಹಾದಿ ದೆಹಲಿಯಿಂದ ಹೊರಡುವಾಗಲೇ ಈಶಾನ್ಯದತ್ತ ವಾಲುತ್ತದೆ. ಅದು ಕುಮಾವೂಂ ಮತ್ತು ನೇಪಾಳದ ಪಶ್ಚಿಮ ತುದಿಯ ಬಳಿ ಹಿಮಾಲಯವನ್ನು ದಾಟಿ, ಮಾನಸ ಸರೋವರದ ತುಸು ದಕ್ಷಿಣಕ್ಕೆ ಹಾದು, ಟಿಬೆಟ್ ಪ್ರಸ್ಥಭೂಮಿಯನ್ನು ಓರೆಯಾಗಿ ಸೀಳಿಕೊಂಡು ಹೋಗುತ್ತದೆ. ಅರ್ಧ ದಾರಿ ಮುಗಿಯುವುದು ಚೀನಾದ ಗಾನ್ಸು ಪ್ರಾಂತ್ಯದ ಪೂರ್ವ ಅಂಚಿನಲ್ಲಿ. ಹಾದಿಯ ಅತ್ಯಂತ ಉತ್ತರದ ಬಿಂದು, ಸುಮಾರು 37.3 ಡಿಗ್ರಿ, ಶಾನ್‌ದೊಂಗ್ ಪರ್ಯಾಯದ್ವೀಪದ ಮೇಲೆ ಬೀಳುತ್ತದೆ. ಅಲ್ಲಿಂದ ಹಳದಿ ಸಮುದ್ರ, ಸೋಲ್ ನಗರದ ದಕ್ಷಿಣದ ಕೊರಿಯಾ, ಜಪಾನ್ ಸಮುದ್ರ, ಕನಜಾವಾ ಕಡೆಯ ಕರಾವಳಿ, ಕೊನೆಗೆ ನರಿತಾ. ಕಾಗದದ ಮೇಲೆ ಇದಕ್ಕಿಂತ ಸೊಗಸಾದ ದಾರಿಯಿಲ್ಲ. ಆದರೆ ದೆಹಲಿ–ಟೋಕಿಯೊ ವಿಮಾನಗಳು ಈ ದಾರಿಯಲ್ಲಿ ಹೋಗುವುದಿಲ್ಲ.

ವಿಮಾನ ಬಾಗಿದ ಹಾದಿ ಹಿಡಿದಾಗಲೆಲ್ಲ ಭೂಮಿ ಗುಂಡಾಗಿರುವುದೇ ಅದಕ್ಕೆ ಕಾರಣ ಎಂದು ವಿವರಿಸಿಬಿಡುವ ರೂಢಿಯಿದೆ, ಮತ್ತು ಅದು ಈ ಮಾರ್ಗದಲ್ಲಿ ಅರ್ಧ ಸತ್ಯವೂ ಅಲ್ಲ. ದೆಹಲಿಯಿಂದ ಒಂದೇ ದಿಕ್ಸೂಚಿ ಕೋನವನ್ನು ಹಿಡಿದು, ನಕ್ಷೆಯ ಮೇಲೆ ಸರಳರೇಖೆಯಾಗಿ ಕಾಣುವ ಹಾದಿಯಲ್ಲಿ ಟೋಕಿಯೊಗೆ ಹೋದರೂ ದೂರ ಸುಮಾರು 6,000 ಕಿ.ಮೀ. ಆಗುತ್ತದೆ. ಮಹಾವೃತ್ತದಿಂದ ಆಗುವ ಉಳಿತಾಯ 100 ಕಿ.ಮೀ. ಆಸುಪಾಸಿನದು ಅಷ್ಟೇ. ಟೋಕಿಯೊದಿಂದ ನ್ಯೂಯಾರ್ಕಿಗೆ ಹೋಗುವಂತಹ, ಎತ್ತರದ ಅಕ್ಷಾಂಶಗಳ ಉದ್ದನೆಯ ಹಾದಿಗಳಲ್ಲಿ ಈ ಉಳಿತಾಯ ಬಹಳ ದೊಡ್ಡದು. ನಮ್ಮ ಮಾರ್ಗದಲ್ಲಿ ಭೂಮಿಯ ಗುಂಡಗಿನ ಆಕಾರಕ್ಕಿಂತ ಹಿಮಾಲಯ ಮತ್ತು ದೇಶಗಳ ಗಡಿಗಳು ಹೆಚ್ಚು ಪರಿಣಾಮ ಬೀರುತ್ತವೆ.

ಟಿಬೆಟ್ ಪ್ರಸ್ಥಭೂಮಿಯನ್ನು ವಿಮಾನಗಳು ತಪ್ಪಿಸುವುದು ಪರ್ವತಗಳು ಅಡ್ಡಬರುತ್ತವೆ ಎಂಬ ಭಯದಿಂದಲ್ಲ, 11 ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನಕ್ಕೆ ಎವರೆಸ್ಟ್ ಕೂಡ ಎರಡು ಕಿಲೋಮೀಟರಿಗಿಂತ ಕೆಳಗೇ ಉಳಿಯುತ್ತದೆ. ತೊಂದರೆ ಇರುವುದು ಏನಾದರೂ ಕೆಟ್ಟಾಗ. ವಿಮಾನದ ಒಳಗಿನ ಗಾಳಿಯ ಒತ್ತಡ ಕುಸಿದರೆ ಚಾಲಕರು ತಕ್ಷಣ ಸುಮಾರು 10,000 ಅಡಿಗೆ, ಅಂದರೆ 3 ಕಿ.ಮೀ. ಎತ್ತರಕ್ಕೆ, ಇಳಿಯಬೇಕು, ಅಲ್ಲಿ ಮುಖವಾಡವಿಲ್ಲದೆ ಉಸಿರಾಡಬಹುದು. ಪ್ರಯಾಣಿಕರ ತಲೆಯ ಮೇಲಿಂದ ಕೆಳಗಿಳಿಯುವ ಮುಖವಾಡಗಳಿಗೆ ಆಮ್ಲಜನಕ ಒದಗಿಸುವ ರಾಸಾಯನಿಕ ಡಬ್ಬಿಗಳು ಬಹುತೇಕ ವಿಮಾನಗಳಲ್ಲಿ 12ರಿಂದ 22 ನಿಮಿಷಗಳವರೆಗೆ ಮಾತ್ರ ಕೆಲಸ ಮಾಡುತ್ತವೆ. ಟಿಬೆಟ್ಟಿನ ನೆಲದ ಸರಾಸರಿ ಎತ್ತರವೇ 4,500 ಮೀಟರನ್ನು ಮೀರುವುದರಿಂದ 10,000 ಅಡಿಗೆ ಇಳಿಯುವ ಪ್ರಶ್ನೆಯೇ ಅಲ್ಲಿ ಬರುವುದಿಲ್ಲ, ಮತ್ತು ನೂರಾರು ಕಿಲೋಮೀಟರ್ ಹಾರಿದರೂ ತಗ್ಗಿನ ನೆಲ ಸಿಗುವುದಿಲ್ಲ. ಎಂಜಿನ್ ಒಂದು ನಿಂತುಹೋದಾಗಲೂ ಇಂತಹುದೇ ಸಮಸ್ಯೆ: ಉಳಿದ ಎಂಜಿನ್ನಿನ ಬಲದಿಂದ ವಿಮಾನ ಹಾರುತ್ತಲೇ ಇರುತ್ತದೆ, ಆದರೆ ಮೊದಲಿನ ಎತ್ತರದಲ್ಲಿ ಅಲ್ಲ, ಅದಕ್ಕಿಂತ ಬಹಳ ಕೆಳಗೆ. ಹೆಚ್ಚಿನ ಆಮ್ಲಜನಕವನ್ನು ಹೊತ್ತು, ಎಲ್ಲಿ ಏನಾದರೆ ಯಾವ ಕಡೆ ತಿರುಗಬೇಕೆಂಬ ಯೋಜನೆಯನ್ನು ಮೊದಲೇ ಸಿದ್ಧಪಡಿಸಿಕೊಂಡು ಎತ್ತರದ ನೆಲದ ಮೇಲೆ ಹಾರುವ ವಿಮಾನಗಳು ಇವೆ. ಟಿಬೆಟ್ಟಿನ ಲಾಸಾ ನಗರಕ್ಕೆ ದಿನವೂ ವಿಮಾನಗಳು ಹೋಗುತ್ತವಲ್ಲ. ಆದರೆ ಕೆಲವೇ ನೂರು ಕಿಲೋಮೀಟರ್ ಉಳಿಸುವುದಕ್ಕಾಗಿ ಪ್ರತಿದಿನ ಆ ಸಿದ್ಧತೆಯ ಭಾರವನ್ನು ಹೊರುವುದು ಲಾಭದಾಯಕವಲ್ಲ.

ಗಡಿಗಳ ಮಾತೂ ಇದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನದ ಕುರಿತ 1944ರ ಷಿಕಾಗೊ ಒಪ್ಪಂದದ ಮೊದಲನೆಯ ವಿಧಿಯೇ ಪ್ರತಿಯೊಂದು ದೇಶಕ್ಕೂ ತನ್ನ ನೆಲದ ಮೇಲಿನ ಆಕಾಶದ ಮೇಲೆ ಸಂಪೂರ್ಣ ಅಧಿಕಾರವಿದೆ ಎನ್ನುತ್ತದೆ. ವಿಮಾನಗಳು ಗಡಿ ದಾಟಬೇಕಾದದ್ದು ಅನುಮತಿ ಇರುವ ಕಡೆ, ನಿಗದಿಯಾದ ಬಿಂದುಗಳಲ್ಲಿ, ಗೊತ್ತುಪಡಿಸಿದ ವಿಮಾನಪಥಗಳಲ್ಲಿ. ಹೀಗಾಗಿ ದೆಹಲಿಯಿಂದ ಹೊರಟ ವಿಮಾನ ಸಾಮಾನ್ಯವಾಗಿ ಗಂಗೆಯ ಬಯಲಿನ ಮೇಲೆ ಪೂರ್ವಕ್ಕೆ, ಬಹುಮಟ್ಟಿಗೆ ಆಗ್ನೇಯಕ್ಕೇ ಸಾಗಿ, ಬಂಗಾಳ–ಬಾಂಗ್ಲಾದೇಶದ ಕಡೆಯಿಂದ ಮ್ಯಾನ್ಮಾರ್ ದಾಟಿ, ಯುನ್ನಾನ್ ಪ್ರಾಂತ್ಯದ ಕುನ್‌ಮಿಂಗ್ ಬಳಿ ಚೀನಾವನ್ನು ಪ್ರವೇಶಿಸಿ, ಅಲ್ಲಿಂದ ಈಶಾನ್ಯಕ್ಕೆ ತಿರುಗಿ ಪೂರ್ವ ಚೀನಾ ಸಮುದ್ರದ ಕಡೆಗೆ ಹೋಗುತ್ತದೆ. ಯಾವ ದಿನ ಯಾವ ಪಥ ಎಂಬುದು ಬದಲಾಗುತ್ತಿರುತ್ತದೆ. ಆದರೂ ಒಂದು ಅಂದಾಜಿಗಾಗಿ ಢಾಕಾ, ಕುನ್‌ಮಿಂಗ್, ಶಾಂಘೈಗಳ ಮೇಲೆ ಹಾಯುವ ಹಾದಿಯನ್ನು ಅಳೆಯೋಣ. ದೆಹಲಿಯಿಂದ ಢಾಕಾ 1,430, ಅಲ್ಲಿಂದ ಕುನ್‌ಮಿಂಗ್ 1,250, ಅಲ್ಲಿಂದ ಶಾಂಘೈ 1,970, ಅಲ್ಲಿಂದ ನರಿತಾ 1,800. ಎಲ್ಲ ಸೇರಿ 6,450 ಕಿ.ಮೀ. ಮಹಾವೃತ್ತಕ್ಕಿಂತ ಸುಮಾರು 550 ಕಿ.ಮೀ. ಹೆಚ್ಚು, ಅಂದರೆ ನೂರಕ್ಕೆ ಒಂಬತ್ತರಷ್ಟು ಸುತ್ತು. ನಿಮ್ಮ ಆರೂವರೆ ಗಂಟೆಗೆ ಇದೊಂದರಿಂದಲೇ ಮುಕ್ಕಾಲು ಗಂಟೆಗೆ ಹತ್ತಿರದಷ್ಟು ಸೇರುತ್ತದೆ.

ಪಕ್ಕದಲ್ಲೇ ಒಂದು ಮಾತು: ಪಾಕಿಸ್ತಾನದ ವಾಯುಪ್ರದೇಶ 2019ರಲ್ಲಿ ತಿಂಗಳುಗಟ್ಟಲೆ ಮುಚ್ಚಿದಾಗ, ಮತ್ತೆ 2025ರ ಏಪ್ರಿಲ್‌ನಲ್ಲಿ ಭಾರತೀಯ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಯೂರೋಪಿನತ್ತ ಹೋಗುವ ವಿಮಾನಗಳ ಅವಧಿ ಹೆಚ್ಚಾಯಿತು. 2022ರ ನಂತರ ರಷ್ಯಾದ ಆಕಾಶವನ್ನು ಬಿಟ್ಟು ಹಾರಬೇಕಾಗಿ ಬಂದು ಟೋಕಿಯೊದಿಂದ ಯೂರೋಪಿಗೆ ಹೋಗುವ ಜಪಾನಿನ ವಿಮಾನಗಳದ್ದೂ ಹೆಚ್ಚಾಯಿತು. ಈ ಎರಡೂ ಘಟನೆಗಳ ನಡುವೆ ದೆಹಲಿ–ಟೋಕಿಯೊ ಹಾದಿ ಮಾತ್ರ ಹೆಚ್ಚೇನೂ ಅಲುಗಲಿಲ್ಲ. ಅದರ ದಾರಿ ಆ ಆಕಾಶಗಳನ್ನು ಮುಟ್ಟುವುದೇ ಇಲ್ಲ.

ಈಗ ಬರುವುದು ಇಡೀ ವಿಷಯದ ತಿರುಳು. ಸುತ್ತು ಎಷ್ಟೇ ಇರಲಿ, ಅದು ಎರಡೂ ದಿಕ್ಕಿಗೆ ಹೆಚ್ಚುಕಡಿಮೆ ಸಮ. ಹೋಗಲು ಎಂಟು ಗಂಟೆ, ಬರಲು ಒಂಬತ್ತೂವರೆ ಗಂಟೆ ಏಕೆ ಎಂಬುದಕ್ಕೆ ದೂರದಲ್ಲಿ ಉತ್ತರವಿಲ್ಲ, ಗಾಳಿಯಲ್ಲಿದೆ.

ವಿಮಾನದ ವೇಗ ಎಂದು ನಾವು ಹೇಳುವುದು ಅದು ತನ್ನ ಸುತ್ತಲಿನ ಗಾಳಿಯಲ್ಲಿ ಸಾಗುವ ವೇಗ. ಈ ಮಾರ್ಗದಲ್ಲಿ ಸಾಮಾನ್ಯವಾಗಿ ಕಾಣುವ ಬೋಯಿಂಗ್ 787ನಂತಹ ವಿಮಾನ ಶಬ್ದದ ವೇಗದ ನೂರಕ್ಕೆ 85ರಷ್ಟರಲ್ಲಿ ಹಾರುತ್ತದೆ. ಅಲ್ಲಿಯ ಉಷ್ಣತೆ ಮೈನಸ್ 55 ಡಿಗ್ರಿಯ ಆಸುಪಾಸಿನಲ್ಲಿರುವಾಗ ಶಬ್ದದ ವೇಗ ಗಂಟೆಗೆ 1,065 ಕಿ.ಮೀ.ಗೆ ಇಳಿದಿರುತ್ತದೆ, ಹಾಗಾಗಿ ವಿಮಾನದ ವೇಗ ಸುಮಾರು 905 ಕಿ.ಮೀ. ಆದರೆ ಆ ಗಾಳಿಯೇ ಪೂರ್ವಕ್ಕೆ ಹರಿಯುತ್ತಿದ್ದರೆ ಅದರ ವೇಗವೂ ನೆಲದ ಮೇಲಿನ ವೇಗಕ್ಕೆ ಕೂಡಿಕೊಳ್ಳುತ್ತದೆ, ಎದುರಾಗಿ ಬಂದಾಗ ಅಷ್ಟೇ ಕಳೆದುಹೋಗುತ್ತದೆ. ಆಸನದ ಮುಂದಿನ ಪರದೆಯಲ್ಲಿ 1,100 ಕಿ.ಮೀ. ಎಂದು ಕಂಡರೆ ವಿಮಾನವು ಶಬ್ದದ ವೇಗವನ್ನು ಮೀರಿತೆಂದು ತಿಳಿಯಬಾರದು. ಗಾಳಿಯ ಮಟ್ಟಿಗೆ ಅದು ಇನ್ನೂ ಅದೇ 905ರಲ್ಲೇ ಇರುತ್ತದೆ.

ಭೂಮಿಯ ಮಧ್ಯ ಅಕ್ಷಾಂಶಗಳಲ್ಲಿ, ವಿಮಾನಗಳು ಹಾರುವ ಎತ್ತರದಲ್ಲಿಯೇ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ಕಿರಿದಾದ, ವೇಗವಾದ ಗಾಳಿಯ ಪಟ್ಟಿಗಳಿವೆ. ಇವನ್ನು ಜೆಟ್ ಪ್ರವಾಹಗಳೆನ್ನುತ್ತಾರೆ. ಇವುಗಳಲ್ಲಿ ಅತ್ಯಂತ ಬಲವಾದವು ಚಳಿಗಾಲದಲ್ಲಿ ಜಪಾನಿನ ಮೇಲೆ ಬೀಸುತ್ತವೆ. ಒಂದು ಕಡೆ ಸೈಬೀರಿಯಾದ ಕೊರೆಯುವ ಚಳಿ, ಇನ್ನೊಂದು ಕಡೆ ಪೆಸಿಫಿಕ್ ಸಾಗರದ ಬೆಚ್ಚನೆಯ ನೀರು. ಇಷ್ಟು ಕಡಿಮೆ ಅಂತರದಲ್ಲಿ ಉಷ್ಣತೆ ಇಷ್ಟು ಬದಲಾಗುವ ಜಾಗ ಮತ್ತೊಂದು ಸಿಗುವುದು ಕಷ್ಟ, ಮತ್ತು ಆ ವ್ಯತ್ಯಾಸವೇ ಮೇಲಿನ ಗಾಳಿಗೆ ವೇಗ ಕೊಡುವ ಮೂಲ. ಜೊತೆಗೆ ಉಪೋಷ್ಣವಲಯದ ಜೆಟ್ ಪ್ರವಾಹವೂ ಧ್ರುವದ ಕಡೆಯಿಂದ ಬರುವ ಜೆಟ್ ಪ್ರವಾಹವೂ ಪೂರ್ವ ಏಷ್ಯಾದ ಮೇಲೆ ಒಂದಕ್ಕೊಂದು ಹತ್ತಿರವಾಗಿ ಸೇರಿಕೊಳ್ಳುತ್ತವೆ. ಗಂಟೆಗೆ 200 ಕಿ.ಮೀ. ಅಲ್ಲಿ ಚಳಿಗಾಲದ ಸಾಮಾನ್ಯ ಸಂಗತಿ, 300 ಕಿ.ಮೀ. ಮೀರುವ ದಿನಗಳೂ ಬರುತ್ತವೆ.

ಈ ಗಾಳಿಯನ್ನು ಮೊದಲು ಕ್ರಮಬದ್ಧವಾಗಿ ಅಳೆದದ್ದು ನೀವು ಇಳಿಯುವ ನರಿತಾದಿಂದ ಬಹಳ ದೂರವೇನಲ್ಲದ ತತೆನೊ ಎಂಬಲ್ಲಿಯ ವೀಕ್ಷಣಾಲಯದಲ್ಲಿ. ಅದರ ಮುಖ್ಯಸ್ಥರಾಗಿದ್ದ ಒಯಿಶಿ ವಸಾಬುರೊ ಅವರು 1920ರ ದಶಕದಲ್ಲಿ ಬಲೂನುಗಳನ್ನು ಹಾರಿಬಿಟ್ಟು, ಅವು ಸಾಗುವ ದಿಕ್ಕು ಮತ್ತು ವೇಗವನ್ನು ದೂರದರ್ಶಕದಿಂದ ಹಿಂಬಾಲಿಸಿ, ಚಳಿಗಾಲದಲ್ಲಿ ಎತ್ತರದ ಗಾಳಿ ಎಷ್ಟು ಪ್ರಬಲವೆಂದು ದಾಖಲಿಸಿದರು. ಹೊರಗಿನ ಲೋಕಕ್ಕೂ ತಿಳಿಯಲೆಂದು ತಮ್ಮ ವರದಿಯನ್ನು ಅವರು 1926ರಲ್ಲಿ ಎಸ್ಪೆರಾಂಟೊ ಎಂಬ ಕೃತಕ ಅಂತರರಾಷ್ಟ್ರೀಯ ಭಾಷೆಯಲ್ಲಿ ಪ್ರಕಟಿಸಿದರು. ಆ ಭಾಷೆ ಬಲ್ಲವರು ಎಷ್ಟು ಕಡಿಮೆಯೆಂದರೆ, ಹೊರಗಿನವರಿಗೆ ಅದು ತಲುಪಲೇ ಇಲ್ಲ ಎನ್ನಬೇಕು. 1944ರ ಕೊನೆಯಲ್ಲಿ ಅಮೆರಿಕದ ಬಿ–29 ಬಾಂಬರುಗಳು ಟೋಕಿಯೊದ ಮೇಲೆ ಎತ್ತರದಲ್ಲಿ ಹಾರಿದಾಗ, ಗುರಿಯನ್ನೇ ತಪ್ಪಿಸುವಷ್ಟು ಬಲವಾದ ಈ ಗಾಳಿ ಅವುಗಳ ಸಿಬ್ಬಂದಿಗೆ ಅನಿರೀಕ್ಷಿತವಾಗಿ ಎದುರಾಯಿತು. ಅದೇ ಹೊತ್ತಿನಲ್ಲಿ ಜಪಾನ್ ಇದೇ ಗಾಳಿಯನ್ನು ನಂಬಿ ಬಾಂಬು ಕಟ್ಟಿದ ಸಾವಿರಾರು ಬಲೂನುಗಳನ್ನು ಪೆಸಿಫಿಕ್ ಸಾಗರದಾಚೆಗೆ ತೇಲಿಬಿಡುತ್ತಿತ್ತು.

ದೆಹಲಿಯ ಕಡೆಯಲ್ಲಿಯೂ ಚಳಿಗಾಲದ ಗಾಳಿ ಇದೇ ದಿಕ್ಕಿನದು. ನವೆಂಬರಿನಿಂದ ವಸಂತದವರೆಗೆ ಉಪೋಷ್ಣವಲಯದ ಪಶ್ಚಿಮ ಜೆಟ್ ಪ್ರವಾಹ ಹಿಮಾಲಯದ ದಕ್ಷಿಣಕ್ಕೆ, ಉತ್ತರ ಭಾರತದ ಮೇಲೆಯೇ ಹರಿಯುತ್ತದೆ. ಹಿಮಾಲಯವನ್ನು ಬಳಸಿಕೊಂಡು ದಕ್ಷಿಣದಿಂದ ಹೋಗಬೇಕಾಗಿ ಬಂದ ವಿಮಾನ ಹೀಗೆ, ದೂರದಲ್ಲಿ ಕಳೆದುಕೊಂಡದ್ದರ ಒಂದು ಪಾಲನ್ನು ಪೂರ್ವಕ್ಕೆ ಹೋಗುವಾಗ ಗಾಳಿಯಿಂದ ವಸೂಲು ಮಾಡಿಕೊಳ್ಳುತ್ತದೆ. ಹಿಂದಿರುಗುವಾಗ ಅದೇ ಗಾಳಿಗೆ ಎದೆಯೊಡ್ಡಿ ಬರಬೇಕು. ಜೂನ್ ತಿಂಗಳಲ್ಲಿ, ಮುಂಗಾರು ನೆಲೆಗೊಳ್ಳುವ ಹೊತ್ತಿಗೆ, ಈ ಪ್ರವಾಹ ಹಿಮಾಲಯವನ್ನು ದಾಟಿ ಟಿಬೆಟ್ಟಿನ ಉತ್ತರಕ್ಕೆ ಸರಿಯುತ್ತದೆ, ಜಪಾನಿನ ಮೇಲಿನದೂ ದುರ್ಬಲವಾಗಿ ಉತ್ತರಕ್ಕೆ ಜಾರುತ್ತದೆ. ಭಾರತೀಯ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ ಅವರು 1950ರ ದಶಕದಲ್ಲಿ ವಿವರಿಸಿದ, ಪೂರ್ವದಿಂದ ಪಶ್ಚಿಮಕ್ಕೆ ಹರಿಯುವ ಪೂರ್ವ ಜೆಟ್ ಪ್ರವಾಹ ಆಗ ಭಾರತದ ಪರ್ಯಾಯದ್ವೀಪದ ಮೇಲೆ ಕಾಣಿಸಿಕೊಳ್ಳುತ್ತದೆಯಾದರೂ ಅದರ ನಡುಭಾಗ ವಿಮಾನದ ಎತ್ತರಕ್ಕಿಂತ ಮೇಲಕ್ಕೂ ಈ ಮಾರ್ಗಕ್ಕಿಂತ ಬಹಳ ದಕ್ಷಿಣಕ್ಕೂ ಇರುತ್ತದೆ. ಹೀಗಾಗಿ ಹೋಗುವ ಮತ್ತು ಬರುವ ಅವಧಿಗಳ ಅಂತರ ಮಳೆಗಾಲದಲ್ಲಿ ಕುಗ್ಗುತ್ತದೆ, ಚಳಿಗಾಲದಲ್ಲಿ ಹಿಗ್ಗುತ್ತದೆ. ವಿಮಾನ ಸಂಸ್ಥೆಗಳ ವೇಳಾಪಟ್ಟಿ ಮಾರ್ಚಿಯ ಕೊನೆಯ ಭಾನುವಾರ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಬದಲಾಗುವಾಗ, ಅದೇ ವಿಮಾನದ ಅವಧಿ ಹಿಂದುಮುಂದಾಗುವುದಕ್ಕೆ ಇದೂ ಒಂದು ಕಾರಣ.

ಅಂಕಿಗಳಲ್ಲಿ ನೋಡೋಣ. ಇಡೀ ದಾರಿಯ ಸರಾಸರಿಯಾಗಿ ಗಂಟೆಗೆ 100 ಕಿ.ಮೀ. ವೇಗದ ಪಶ್ಚಿಮ ಗಾಳಿ ಇದೆಯೆಂದುಕೊಳ್ಳಿ. ಪೂರ್ವಕ್ಕೆ ಹೋಗುವಾಗ ನೆಲದ ಮೇಲಿನ ವೇಗ 1,005 ಆಗಿ 6,450 ಕಿ.ಮೀ.ಗೆ 6 ಗಂಟೆ 25 ನಿಮಿಷ ಸಾಕಾಗುತ್ತದೆ. ಪಶ್ಚಿಮಕ್ಕೆ ಬರುವಾಗ ವೇಗ 805ಕ್ಕೆ ಇಳಿದು 8 ಗಂಟೆ ಬೇಕಾಗುತ್ತದೆ. ಗಾಳಿಯ ಸರಾಸರಿ 150 ಆದರೆ ಈ ಅವಧಿಗಳು ಸುಮಾರು 6 ಗಂಟೆ 7 ನಿಮಿಷ ಮತ್ತು 8 ಗಂಟೆ 33 ನಿಮಿಷ ಆಗುತ್ತವೆ. ಗಾಳಿಯಿಲ್ಲದಿದ್ದರೆ ಎರಡೂ ಕಡೆ 7 ಗಂಟೆ 8 ನಿಮಿಷ. ಇಲ್ಲಿ ಗಮನಿಸಬೇಕಾದದ್ದು, ಹೋಗುವಾಗ ಉಳಿಸಿದ್ದು ಬರುವಾಗ ಕಳೆದುಕೊಂಡದ್ದಕ್ಕೆ ಎಂದೂ ಸಮನಾಗುವುದಿಲ್ಲ ಎಂಬುದು. ನೂರರ ಗಾಳಿಯಲ್ಲಿ ಉಳಿಯುವುದು 43 ನಿಮಿಷ, ಹೋಗುವುದು 53 ನಿಮಿಷ. ಎದುರುಗಾಳಿಯಲ್ಲಿ ವಿಮಾನ ನಿಧಾನವಾಗಿ ಸಾಗುವುದರಿಂದ ಆ ಗಾಳಿಯ ಕಾಟವನ್ನು ಹೆಚ್ಚು ಹೊತ್ತು ಅನುಭವಿಸಬೇಕಾಗುತ್ತದೆ, ಅಷ್ಟೇ ವಿಷಯ. ಆದ್ದರಿಂದಲೇ ಸಂಸ್ಥೆಗಳ ಮಾರ್ಗಯೋಜಕರು ಪೂರ್ವದ ಪ್ರಯಾಣಕ್ಕೆ ಜೆಟ್ ಪ್ರವಾಹವನ್ನು ಹುಡುಕಿಕೊಂಡು ಹೋಗುವ, ಪಶ್ಚಿಮದ ಪ್ರಯಾಣಕ್ಕೆ ಅದರಿಂದ ಸರಿದು ನಡೆಯುವ ಪಥ ಮತ್ತು ಎತ್ತರಗಳನ್ನು, ಅನುಮತಿಯ ಮಿತಿಯೊಳಗೆ, ಪ್ರತಿದಿನ ಹೊಸದಾಗಿ ಆರಿಸುತ್ತಾರೆ.

ಈ ಲೆಕ್ಕಕ್ಕೂ ಟಿಕೆಟ್ಟಿನ ಅವಧಿಗೂ ನಡುವೆ ಉಳಿಯುವ ಒಂದೂವರೆ ಗಂಟೆಯಷ್ಟು ಅಂತರಕ್ಕೆ ವಿವರಣೆ ಸರಳ. ವೇಳಾಪಟ್ಟಿಯಲ್ಲಿರುವುದು ಹಾರಾಟದ ಅವಧಿಯಲ್ಲ, ಬ್ಲಾಕ್ ಟೈಮ್. ಅಂದರೆ ಗೇಟಿನಿಂದ ವಿಮಾನ ಕದಲಿದ ಕ್ಷಣದಿಂದ ಇನ್ನೊಂದು ಗೇಟಿನಲ್ಲಿ ನಿಲ್ಲುವವರೆಗಿನ ಸಮಯ. ರನ್‌ವೇವರೆಗೆ ಸಾಗುವುದು, ಸರದಿಗಾಗಿ ಕಾಯುವುದು, ನಿಧಾನಗತಿಯ ಏರಿಕೆ, ಇಳಿಯುವ ಮೊದಲಿನ ಸುತ್ತುಗಳು, ಇಳಿದ ಮೇಲಿನ ಸಾಗಣೆ ಎಲ್ಲವೂ ಅದರಲ್ಲಿವೆ. ಮೇಲಾಗಿ, ತಡವಾಯಿತೆಂಬ ಮಾತು ಬರದಂತೆ ಸಂಸ್ಥೆಗಳು ತುಸು ಸಮಯವನ್ನು ಸೇರಿಸಿಟ್ಟಿರುತ್ತವೆ. ಆದ್ದರಿಂದ ನಿಮ್ಮ ವಿಮಾನ ಟೋಕಿಯೊವನ್ನು ಅರ್ಧ ಗಂಟೆ ಮೊದಲೇ ತಲುಪಿದರೆ ಅದರಲ್ಲಿ ಅಚ್ಚರಿಯೇನಿಲ್ಲ. ಡಿಸೆಂಬರ್–ಜನವರಿಯ ದೆಹಲಿಯ ಮಂಜು ಮಾತ್ರ ಯಾವ ಲೆಕ್ಕಕ್ಕೂ ಸಿಗುವಂಥದ್ದಲ್ಲ. ತಡರಾತ್ರಿ ಮತ್ತು ಬೆಳಗಿನ ಜಾವದಲ್ಲಿ ಅದು ದಟ್ಟವಾಗಿರುವುದರಿಂದ, ಆ ತಿಂಗಳುಗಳಲ್ಲಿ ಆಯ್ಕೆಯಿದ್ದರೆ ಹಗಲಿನ ಅಥವಾ ಸಂಜೆಯ ವಿಮಾನವನ್ನು ಹಿಡಿಯುವುದು ಲೇಸೆಂದು ನಾನು ಹೇಳುತ್ತೇನೆ.

ನರಿತಾ, ಹನೇದಾಗಳಲ್ಲಿ ಯಾವುದು ಹತ್ತಿರ ಎಂದು ಕೇಳಿದ್ದೀರಿ. ದೆಹಲಿಯಿಂದ ಹನೇದಾಕ್ಕೆ ಮಹಾವೃತ್ತದ ದೂರ ಸುಮಾರು 5,860 ಕಿ.ಮೀ.; ನರಿತಾಕ್ಕಿಂತ 50 ಕಿ.ಮೀ. ಕಡಿಮೆ, ಹಾರಾಟದಲ್ಲಿ ಮೂರು-ನಾಲ್ಕು ನಿಮಿಷ. ಆಕಾಶದಲ್ಲಿ ಈ ವ್ಯತ್ಯಾಸ ನಗಣ್ಯ, ಆದರೆ ನೆಲದ ಮೇಲೆ ಹಾಗಲ್ಲ. 1978ರಲ್ಲಿ ತೆರೆದ ನರಿತಾ ನಗರದ ಮಧ್ಯಭಾಗದಿಂದ ಸುಮಾರು 60 ಕಿ.ಮೀ. ಪೂರ್ವಕ್ಕಿದೆ, ಹನೇದಾ 15 ಕಿ.ಮೀ. ಆಸುಪಾಸಿನಲ್ಲೇ ಇದೆ. ನಿಮ್ಮ ಕೆಲಸ ಟೋಕಿಯೊ ನಗರದೊಳಗೆ ಇದ್ದರೆ ಇಳಿದ ನಂತರದ ಪ್ರಯಾಣದಲ್ಲಿ ಅರ್ಧದಿಂದ ಒಂದು ಗಂಟೆಯವರೆಗೆ ಉಳಿಯಬಹುದು. ನರಿತಾದಲ್ಲಿ ಮಧ್ಯರಾತ್ರಿಯಿಂದ ಬೆಳಗಿನ ಜಾವದವರೆಗೆ ವಿಮಾನ ಸಂಚಾರಕ್ಕೆ ನಿರ್ಬಂಧವಿದೆ, ಹನೇದಾ ದಿನದ 24 ಗಂಟೆಯೂ ತೆರೆದಿರುತ್ತದೆ. ದೂರವನ್ನು ಹೋಲಿಸುವ ಬದಲು ನೀವು ಬೆಳಗಿನ ಸಭೆಗೆ ಯಾವ ಭಾಗದಲ್ಲಿ, ಎಷ್ಟು ಹೊತ್ತಿಗೆ ಇರಬೇಕು ಎಂಬುದನ್ನು ಮೊದಲು ನೋಡಿಕೊಂಡು ನಿಲ್ದಾಣವನ್ನು ಆರಿಸಿಕೊಳ್ಳಿ.

ಹಾಂಕಾಂಗಿನ ವಿಷಯದಲ್ಲಿ ನಕ್ಷೆಯ ಅಂಕಿಗಳು ಮತ್ತೊಮ್ಮೆ ದಾರಿ ತಪ್ಪಿಸುತ್ತವೆ. ದೆಹಲಿಯಿಂದ ಹಾಂಕಾಂಗ್ ಸುಮಾರು 3,750 ಕಿ.ಮೀ., ಅಲ್ಲಿಂದ ನರಿತಾ 2,960. ಒಟ್ಟು 6,710 ಕಿ.ಮೀ. ಮಹಾವೃತ್ತಕ್ಕೆ ಹೋಲಿಸಿದರೆ ಇದು 800 ಕಿ.ಮೀ. ಸುತ್ತಿನಂತೆ ಕಾಣುತ್ತದೆ, ಆದರೆ ನೇರ ವಿಮಾನವೇ 6,450ರ ಆಸುಪಾಸಿನಲ್ಲಿ ಹಾರುವಾಗ ಅಂತರ ಬಹಳ ಕಿರಿದಾಗುತ್ತದೆ. ಹಾಂಕಾಂಗಿಗೆ ಹೋಗುವ ವಿಮಾನವೂ ಮೇಲೆ ಹೇಳಿದ ಕಾರಣಗಳಿಂದಲೇ ತುಸು ಬಳಸಿ ಹೋಗುತ್ತದೆ ಎಂಬುದು ನಿಜ, ಆದರೂ ದಿಕ್ಕಿನ ದೃಷ್ಟಿಯಿಂದ ಅದು ಹೆಚ್ಚುಕಡಿಮೆ ದಾರಿಯಲ್ಲೇ ಇರುವ ಊರು. ಬ್ಯಾಂಕಾಕ್ ಮೂಲಕವಾದರೆ 2,950 ಮತ್ತು 4,650 ಸೇರಿ 7,600 ಕಿ.ಮೀ., ಸಿಂಗಪುರದ ಮೂಲಕ 4,150 ಮತ್ತು 5,350 ಸೇರಿ 9,500 ಕಿ.ಮೀ. ಸಿಂಗಪುರದ ದಾರಿಯಲ್ಲಿ ಹಾರಾಟವೇ ನಾಲ್ಕು ಗಂಟೆಯಷ್ಟು ಬೆಳೆಯುವುದರಿಂದ ಬೇರೆ ಕಾರಣವಿಲ್ಲದೆ ಅದನ್ನು ಆರಿಸಬೇಡಿ. ಹಾಂಕಾಂಗಿನ ದಾರಿಯಲ್ಲಿ ಹೆಚ್ಚುವರಿ ಹಾರಾಟ ಒಂದು ಗಂಟೆಯ ಆಸುಪಾಸಿನದು. ಒಮ್ಮೆ ಹೆಚ್ಚಾಗಿ ಇಳಿದು ಏರುವುದಕ್ಕೆ ಹಿಡಿಯುವ ಸಮಯವೂ ಅದರಲ್ಲೇ ಸೇರಿದೆ. ಉಳಿದದ್ದೆಲ್ಲ ನಿಲ್ದಾಣದಲ್ಲಿ ಕಾಯುವ ಹೊತ್ತು. ಅದು ಎರಡು ಗಂಟೆಯಾದರೆ ಒಟ್ಟು ಪ್ರಯಾಣ ಹತ್ತೂವರೆ–ಹನ್ನೊಂದು ಗಂಟೆಯಲ್ಲಿ ಮುಗಿಯುತ್ತದೆ, ಎಂಟು ಗಂಟೆಯಾದರೆ ಒಂದು ಹಗಲು ಪೂರ್ತಿ ಹೋಗುತ್ತದೆ. ಹಾಂಕಾಂಗಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ, ಜಪಾನಿನದಕ್ಕಿಂತ ಒಂದು ಗಂಟೆ ಹಿಂದೆ. ಆದ್ದರಿಂದ ಕಾಯುವ ಅವಧಿಯನ್ನು ಲೆಕ್ಕಹಾಕುವಾಗ ಅಲ್ಲಿ ಇಳಿಯುವ ಮತ್ತು ಅಲ್ಲಿಂದ ಹೊರಡುವ ವೇಳೆಗಳನ್ನು ಮಾತ್ರ ಹಿಡಿಯಿರಿ. ಅವೆರಡೂ ಒಂದೇ ಗಡಿಯಾರದವು, ಅಲ್ಲಿ ಯಾವ ತಿದ್ದುಪಡಿಯೂ ಬೇಕಾಗುವುದಿಲ್ಲ.